ಅರವತ್ತರ ಮೇಲೆ ಮೊದಲ ಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ಅರವತ್ತು ದಾಟಿದ ಮೇಲೆ ಮೊದಲ ಪುಸ್ತಕ ಬರೆದವರಿಗೆಂದು ನಾವು ಐದು ಮಂದಿ ಗೆಳೆಯರು ಕೊಪ್ಪಳದಲ್ಲಿ ಒಂದು ಸಣ್ಣ ಬಹುಮಾನ ಇಟ್ಟಿದ್ದೇವೆ. ಹೋದ ಸಲ ಪೇಪರಿನಲ್ಲಿ ನಾಲ್ಕು ಸಾಲಿನ ಪ್ರಕಟಣೆ ಬಂದ ದಿನ, ಹಾಲಿನವನು ಬರುವ ಮೊದಲೇ ಫೋನು ಬಡಿದುಕೊಳ್ಳಲು ಶುರುವಾಯಿತು. ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ದಿನಕ್ಕೆ ನನ್ನ ಗಂಟಲು ಕಟ್ಟಿತು. ಅದಕ್ಕೇ ಈ ಪುಟ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರ ನನ್ನವು, ಬಯ್ಯುವುದಿದ್ದರೆ ನನ್ನನ್ನೇ ಬಯ್ಯಿರಿ.

ಸರ, ನನಗ ಐವತ್ತೊಂಬತ್ತು ಮುಗದು ಅರವತ್ತರಾಗ ಬಿದ್ದೀನಿ. ನಡೀತೈತೇನ್ರಿ?

ನಡೆಯುವುದಿಲ್ಲ. ನವೆಂಬರ್ 30 ಹಸ್ತಪ್ರತಿ ಕಳಿಸಲು ಕೊನೆಯ ದಿನ. ಆ ದಿನಕ್ಕೆ 60 ತುಂಬಿರಬೇಕು. ಮುಂದಿನ ವರ್ಷ ಬರ್ರಿ, ಅಲ್ಲಿಯತನಕ ಇನ್ನೊಮ್ಮೆ ತಿದ್ದಿದರೆ ಪುಸ್ತಕಕ್ಕೂ ಒಳ್ಳೆಯದೇ.

ವಯಸ್ಸಿಗೆ ಏನು ದಾಖಲಾತಿ ಕೊಡಬೇಕು?

ಆಧಾರ್ ಸಾಕು. ಆದರೆ ಒಂದು ಮಾತು. ಹೋದ ಸಲ ಬಂದ ಅರ್ಜಿಗಳನ್ನು ಜೋಡಿಸಿ ಕೂತಾಗ ನೋಡಿದರೆ, ಅರ್ಧಕ್ಕರ್ಧ ಮಂದಿ ಹುಟ್ಟಿದ್ದು ಜೂನ್ 1! ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಹುಡುಗನ ಎತ್ತರ ನೋಡಿ ವರ್ಷ, ಶಾಲೆ ಸುರುವಾಗುವ ದಿನ ನೋಡಿ ತಾರೀಖು ಬರೆದ ಕಾಲದವರು ನಾವೆಲ್ಲ. ನನ್ನದೂ ಜೂನ್ 1. ಹಾಗಾಗಿ ಆಧಾರಿನಲ್ಲಿ ಒಂದೆರಡು ವರ್ಷ ಕಮ್ಮಿ ಇದ್ದು, ನಿಮ್ಮ ಅವ್ವ ಹೇಳುತ್ತಿದ್ದ ಲೆಕ್ಕದಲ್ಲಿ 60 ದಾಟಿದ್ದರೆ, ಆ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ಕಳಿಸಿ. ‘ಊರಾಗ ಕರೆಂಟ್ ಬಂದ ವರ್ಷ’, ‘ಅಣ್ಣನ ಮದುವ್ಯಾದ ಮುಂದಿನ ಕಾರಹುಣ್ಣಿಮಿ’ ಎಂದಿದ್ದರೂ ನಡೆಯುತ್ತದೆ. ನಿಜ ಹೇಳಬೇಕೆಂದರೆ ಅಂಥ ಹಾಳೆಗಳನ್ನು ಓದುವುದೇ ನಮಗೆ ಖುಷಿ.

ಅರವತ್ತೇ ಯಾಕ? ಹುಡುಗರು ಏನು ತಪ್ಪು ಮಾಡ್ಯಾರ?

ಹುಡುಗರು ಏನೂ ತಪ್ಪು ಮಾಡಿಲ್ಲ. ಅವರಿಗೆ ದಾರಿಗಳು ಇವೆ, ಅಷ್ಟೆ. ಕೇಂದ್ರ ಸಾಹಿತ್ಯ ಅಕಾಡೆಮಿ 2011ರಿಂದ ಕೊಡುತ್ತಿರುವ ಯುವ ಪುರಸ್ಕಾರಕ್ಕೆ 35ರ ಗಡಿ. ನಮ್ಮ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವುದು ಯುವ ಬರಹಗಾರರಿಗೆ. ಇರಲಿ, ಇರಬೇಕು. ಆದರೆ ‘ಹೊಸ ಲೇಖಕ’ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಮೀಸೆ ಚಿಗುರುತ್ತಿರುವ ಮುಖವೇ ಯಾಕೆ ಬರಬೇಕು? ಮೂವತ್ತೆಂಟು ವರ್ಷ ನೌಕರಿ ಮಾಡಿ, ಮೂರು ಮಕ್ಕಳ ಮದುವೆ ಮಾಡಿ, ಆಮೇಲೆ ಪೆನ್ನು ಹಿಡಿದವನೂ ಹೊಸಬನೇ.

ಈ ಯೋಚನೆ ನಮ್ಮ ತಲೆಯಿಂದ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ ಪಾಲ್ ಟಾರ್ಡೆ ಎಂಬೊಬ್ಬರಿದ್ದರು. ಉದ್ಯಮ ನಡೆಸಿಕೊಂಡಿದ್ದ ಮನುಷ್ಯ. ಅವರ ಮೊದಲ ಕಾದಂಬರಿ ಬಂದದ್ದು 2007ರಲ್ಲಿ, ಅವರ 60ನೇ ವಯಸ್ಸಿನಲ್ಲಿ. 2013ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಅಲ್ಲಿನ ಲೇಖಕರ ಸಂಘ, ಅರವತ್ತು ದಾಟಿದವರ ಮೊದಲ ಕಾದಂಬರಿಗೆ 1,000 ಪೌಂಡಿನ ಬಹುಮಾನ ಇಟ್ಟಿತು. ಮೊದಲ ಸಲ ಕೊಟ್ಟದ್ದು 2019ರಲ್ಲಿ. ಹಣದ ಜೊತೆಗೆ ಟಾರ್ಡೆಯವರ ಪುಸ್ತಕಗಳ ಒಂದು ಕಟ್ಟನ್ನೂ ಕೊಡುತ್ತಾರೆ. ಅದೇ ಸಂಘದ ಕೈಯಲ್ಲಿ ಇನ್ನೊಂದಿದೆ, ಮೆಕಿಟ್ರಿಕ್ ಬಹುಮಾನ. ಅದು 1990ರಿಂದ ನಡೆದಿದೆ, ನಲವತ್ತು ದಾಟಿದವರ ಮೊದಲ ಕಾದಂಬರಿಗೆ. ಅಚ್ಚಾಗದ ಹಸ್ತಪ್ರತಿಯನ್ನೂ ಅವರು ತೆಗೆದುಕೊಳ್ಳುತ್ತಾರೆ. ನಾವು ವಯಸ್ಸನ್ನು ಮೊದಲನೆಯದರಿಂದ, ಹಸ್ತಪ್ರತಿಯನ್ನು ಎರಡನೆಯದರಿಂದ ಕಡ ತಂದೆವು. ರೊಕ್ಕ ಮಾತ್ರ ನಮ್ಮ ಐವರ ಪಿಂಚಣಿಯದು.

ಇಷ್ಟು ವಯಸ್ಸಾದ ಮ್ಯಾಲೆ ಬರದ್ರ ಯಾರು ಓದ್ತಾರ್ರೀ?

ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಅವರ ಮೊದಲ ಕಾದಂಬರಿ ಬಂದದ್ದು 1963ರಲ್ಲಿ, ಅಂದರೆ 46ರಲ್ಲಿ. ಹೆಸರು ‘ತುಂಗಭದ್ರ’. ನಮ್ಮ ಹೊಳೆಯ ಹೆಸರೇ! ಆಮೇಲೆ ಕನ್ನಡದ ಮನೆಮನೆಯೂ ಅವರನ್ನು ಓದಿತು. ಸಾರಾ ಅಬೂಬಕ್ಕರ್ 1936ರಲ್ಲಿ ಹುಟ್ಟಿದವರು, 1981ರಲ್ಲಿ ಲಂಕೇಶ್ ಪತ್ರಿಕೆಯ ಮೂಲಕ ಓದುಗರ ಮುಂದೆ ಬಂದರು, 45ರಲ್ಲಿ. ಇಬ್ಬರೂ ಹೆಂಗಸರು ಎಂಬುದು ಗಮನಿಸಬೇಕಾದದ್ದು. ಗಂಡಸರಿಗೆ ತಡವಾಗುವುದು ನೌಕರಿಯಿಂದ, ಹೆಂಗಸರಿಗೆ ಮನೆಯಿಂದ. ನೌಕರಿಗೆ ನಿವೃತ್ತಿಯಾದರೂ ಇದೆ.

ಇನ್ನೂ ತಡದವರು ಬೇಕೆಂದರೆ ಪೆನೆಲೊಪಿ ಫಿಟ್ಜ್‌ಜೆರಾಲ್ಡ್ ಎಂಬ ಇಂಗ್ಲಿಷ್ ಲೇಖಕಿ. ಮೊದಲ ಪುಸ್ತಕ 58ಕ್ಕೆ, ಮೊದಲ ಕಾದಂಬರಿ 60ಕ್ಕೆ, 1979ರಲ್ಲಿ 62ಕ್ಕೆ ಬುಕರ್ ಬಹುಮಾನ. ನಮ್ಮ ದೇಶದ ನೀರದ್ ಸಿ. ಚೌಧುರಿ ಅವರ ಮೊದಲ ಪುಸ್ತಕ ಅಚ್ಚಾದದ್ದು 1951ರಲ್ಲಿ, ಐವತ್ತು ದಾಟಿ ಮೂರು ವರ್ಷದ ಮೇಲೆ. ಆಮೇಲೆ ನೂರು ದಾಟುವವರೆಗೆ ಬದುಕಿದರು.

ಹೊಸಪೇಟಿ ಈಗ ಬಳ್ಳಾರಿ ಜಿಲ್ಲಾದಾಗಿಲ್ಲ. ನಾವು ಕಳಸಬಹುದಾ?

ಕಳಿಸಿ. ಪ್ರಕಟಣೆಯಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಯವರಿಗೆ ಎಂದು ಬರೆದದ್ದು ಹಳೆಯ ನೆನಪಿನ ಮೇಲೆ. ಕೊಪ್ಪಳವೇ 1997ರತನಕ ರಾಯಚೂರಿನೊಳಗಿತ್ತು. ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಹರಪನಹಳ್ಳಿಯವರಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ತಿರುಗಿ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದ್ದಾರೆ. ಕೂತ ಕಟ್ಟೆ ಬಿಟ್ಟೇಳದೆ ಮೂರು ಜಿಲ್ಲೆ ನೋಡಿದ ಮಂದಿ. ಅದರ ಮೇಲೇ ಒಂದು ಪುಸ್ತಕವಾಗುತ್ತದೆ, ಯಾರಾದರೂ ಬರೀರಪ್ಪ.

ಮಗಳ ಮದುವ್ಯಾಗ ಹಂಚಾಕ ಒಂದು ಸಣ್ಣ ಪುಸ್ತಿಕೆ ಮಾಡಿಸಿದ್ದೆ. ಅದು ಮೊದಲ ಪುಸ್ತಕ ಆತೇನು?

ಆಗಲಿಲ್ಲ. ಮದುವೆಗೆ, ಮನೆ ಶಾಂತಿಗೆ, ಪುಣ್ಯತಿಥಿಗೆ ಹಂಚಿದ್ದು, ಭಜನೆ ಪದಗಳ ಸಂಗ್ರಹ, ಸಹಕಾರಿ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಬರೆದ ಲೇಖನ, ಕಾಲೇಜಿನ ಮ್ಯಾಗಜೀನಿನಲ್ಲಿ ಬಂದ ಕವನ ಯಾವುದೂ ಲೆಕ್ಕಕ್ಕಿಲ್ಲ. ಬೆಲೆ ಹಾಕಿ ಮಾರಾಟಕ್ಕೆ ಇಟ್ಟ ಪುಸ್ತಕ ನಿಮ್ಮ ಹೆಸರಲ್ಲಿ ಇರಬಾರದು, ಅಷ್ಟೇ ನಿಯಮ. ಪಿಎಚ್‌ಡಿ ಪ್ರಬಂಧ ಅಚ್ಚು ಹಾಕಿಸಿದವರ ಬಗ್ಗೆ ನಮ್ಮೊಳಗೇ ಜಗಳವಿದೆ. ಸದ್ಯಕ್ಕೆ ಅಂಥವರೂ ಕಳಿಸಬಹುದು ಎಂದು ಬಿಟ್ಟುಕೊಟ್ಟಿದ್ದೇವೆ.

ಕೈಬರಹ ನಡೀತೈತ್ಯಾ? ನನಗ ಕಂಪ್ಯೂಟರ್ ಬರೂದಿಲ್ಲ.

ನಡೆಯುತ್ತದೆ. ಕಂಪ್ಯೂಟರಿನ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದು, ‘ಬರಹ’ದಲ್ಲಿ ಮಾಡಿಸಿದ್ದು, ಯೂನಿಕೋಡ್, ಕೈಬರಹ ಯಾವುದಾದರೂ ಸರಿ. ಒಂದೇ ಬದಿಗೆ ಬರೆಯಿರಿ, ಪುಟದ ನಂಬರು ಹಾಕಿ. ಮೂಲ ಪ್ರತಿ ಕಳಿಸಬೇಡಿ, ಜೆರಾಕ್ಸ್ ಕಳಿಸಿ.

ಹೋದ ಸಲ ಲಿಂಗಸೂರು ಕಡೆಯಿಂದ ಒಂದು ಹಸ್ತಪ್ರತಿ ಬಂತು. ಬರೆದವರು ಸಹಕಾರಿ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದವರು. ಬರೆದದ್ದು ಹಳೆಯ ಖಾತೆ ಪುಸ್ತಕದಲ್ಲಿ. ಕೆಂಪು ಗೆರೆ ಎಳೆದ ಜಮಾ, ಖರ್ಚು, ಬಾಕಿ ಕಾಲಮ್ಮುಗಳು, ಅವುಗಳ ಮೇಲೆ ದುಂಡು ಅಕ್ಷರ. ಮೊದಲ ನಲವತ್ತು ಪುಟ ಕನ್ನಡ ತಾಯಿಯ ಸ್ತುತಿ, ಸಮಾಜದ ಅಧಃಪತನ, ಇಂದಿನ ಯುವಕರು. ನಾನು ಪಕ್ಕಕ್ಕಿಡುವವನಿದ್ದೆ. ಚಹಾ ಬರುವುದು ತಡವಾಯಿತು, ಅದಕ್ಕೇ ಇನ್ನೊಂದು ಪುಟ ತಿರುವಿದೆ.

ಅಲ್ಲಿ ಹಗೇವು ತೆಗೆಯುವುದರ ಬಗ್ಗೆ ಒಂದೂವರೆ ಪುಟ ಇತ್ತು. ನೆಲದೊಳಗೆ ಜೋಳ ತುಂಬಿಡುವ ಹಗೇವನ್ನು ನೋಡಿದವರು ಈಗ ಕಮ್ಮಿಯಾಗುತ್ತಿದ್ದಾರೆ. ಬಾಯಿ ಮೇಲಿನ ಬಂಡೆ ಹಿಂದಿನ ದಿನವೇ ಸರಿಸಿ ಬಿಡಬೇಕು, ಒಳಗಿನ ಕಾವು ಹೊರಗೆ ಹೋಗಲಿ ಎಂದು. ಮಾರನೇ ದಿನ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಅವತ್ತು ಯಾರೂ ಇಳಿಯುವ ಹಾಗಿಲ್ಲ. ಆರದಿದ್ದರೆ ಒಬ್ಬ ಇಳಿಯುತ್ತಾನೆ. ಇಳಿದವನು ಮಾತಾಡುತ್ತಲೇ ಇರಬೇಕು, ಏನಾದರೂ ಸರಿ, ಬೈಗುಳವಾದರೂ ಸರಿ. ಮಾತು ನಿಂತರೆ ಮೇಲಿನವರು ಹಗ್ಗ ಎಳೆಯಬೇಕು. ಇವರಿಗೆ ಆಗ ಹನ್ನೆರಡು ವರ್ಷ, ಸಣ್ಣ ಮೈಯೆಂದು ಇವರನ್ನೇ ಇಳಿಸಿದ್ದರು. ಒಳಗೆ ಮಾತಾಡಲು ಏನೂ ತೋಚದೆ ಹದಿನೇಳರ ಮಗ್ಗಿ ಹೇಳಿದರಂತೆ. ಹದಿನೇಳೆಂಟಲೆ ಎಂಬಲ್ಲಿ ನೆನಪು ಕೈಕೊಟ್ಟಿತು. ಮೇಲಿದ್ದ ಅಪ್ಪ ಹಗ್ಗ ಜಗ್ಗಿಬಿಟ್ಟ.

ನಾನು ಅವರಿಗೆ ಫೋನ್ ಮಾಡಿ, ‘ಮೊದಲಿನ ನಲವತ್ತು ಪುಟ ತೆಗೀರಿ, ಇಂಥವು ಇನ್ನೆಷ್ಟು ಅದಾವ?’ ಎಂದು ಕೇಳಿದೆ. ‘ಅಯ್ಯೋ, ಅದು ಸಾಹಿತ್ಯ ಅಲ್ಲಲ್ರೀ, ನಮ್ಮ ಮನ್ಯಾಗಿಂದು’ ಅಂದರು. ನಮಗೆ ಬರುವ ಹತ್ತರಲ್ಲಿ ಏಳು ಹಸ್ತಪ್ರತಿಗಳ ರೋಗ ಇದೇ. ಸಾಹಿತ್ಯ ಎಂದು ತಿಳಿದುಕೊಂಡದ್ದನ್ನು ಮುಂದಿಟ್ಟು, ತಮ್ಮ ಹತ್ತಿರ ಮಾತ್ರ ಇರುವುದನ್ನು ಖಾತೆ ಪುಸ್ತಕದ ಹಿಂದಿನ ಪುಟಕ್ಕೆ ತಳ್ಳುತ್ತಾರೆ. ತುಂಗಭದ್ರಾ ಡ್ಯಾಮಿನ ನೀರಲ್ಲಿ ಮುಳುಗಿದ ಊರಿಂದ ಎತ್ತಿನ ಬಂಡಿಯಲ್ಲಿ ಬಾಗಿಲು ಚೌಕಟ್ಟು ಹೇರಿಕೊಂಡು ಬಂದವರ ಮಕ್ಕಳು ನಮ್ಮ ನಡುವೆ ಇದ್ದಾರೆ. ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಮಾಡಿದವರಿದ್ದಾರೆ. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಕ್ಕೆ ಕಾಲುವೆ ನೀರು ಬಂದು ಭತ್ತ ನಾಟಿದ ಮೊದಲ ವರ್ಷವನ್ನು ಕಣ್ಣಾರೆ ಕಂಡವರಿದ್ದಾರೆ. ಮೂವತ್ತರ ಹುಡುಗ ಇದನ್ನು ಕೇಳಿ ಬರೆಯಬಹುದು. ನೀವು ಕಂಡು ಬರೆಯಬಹುದು. ಬಹುಮಾನ ಇಟ್ಟದ್ದು ವಯಸ್ಸಿಗೆ ಕರುಣೆ ತೋರಿಸಲಿಕ್ಕಲ್ಲ, ಆ ಕಂಡದ್ದಕ್ಕೆ.

ನಮ್ಮ ಆಡುಮಾತಿನ್ಯಾಗ ಬರದ್ರ ತಪ್ಪಾಗತೈತೇನ್ರಿ? ಮೈಸೂರು ಕಡಿ ಮಂದಿ ನಗತಾರಂತ.

ಕವಿರಾಜಮಾರ್ಗ ಒಂಬತ್ತನೇ ಶತಮಾನದ್ದು. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಅದು ನಾಲ್ಕು ಊರು ಹೆಸರಿಸುತ್ತದೆ. ಅದರಲ್ಲಿ ಒಂದು ಕೊಪಣ, ಅಂದರೆ ನಾನು ಈಗ ಕೂತು ಬರೆಯುತ್ತಿರುವ ಕೊಪ್ಪಳ. ನಗುವವರಿಗೆ ಇಷ್ಟು ಹೇಳಿ, ಸಾಕು.

ಆದರೆ ಎಚ್ಚರವೂ ಬೇಕು. ‘ಹೋಗ್ಯಾನ’, ‘ಬಂದಾಳ’ ಎಂದು ಕ್ರಿಯಾಪದ ತಿರುಚಿದರೆ ಆಡುಮಾತು ಆಗಿಬಿಡುವುದಿಲ್ಲ. ಮಾನ್ವಿಯ ಮಾತು ಬೇರೆ, ಸಿರುಗುಪ್ಪದ ಮಾತು ಬೇರೆ, ಕುಷ್ಟಗಿಯದೇ ಬೇರೆ. ಮಾಸ್ತರ ಮಾತಾಡುವಂತೆ ಹಮಾಲ ಮಾತಾಡುವುದಿಲ್ಲ. ಕಿವಿ ಕೊಟ್ಟು ಬರೆಯಿರಿ. ಕಿವಿ ಕೊಡಲು ಆಗದಿದ್ದರೆ ಪುಸ್ತಕದ ಕನ್ನಡವೇ ಆಗಲಿ, ಅದೂ ನಮ್ಮದೇ.

ನಾನು ಓದಿದ್ದು ಉರ್ದು ಮೀಡಿಯಮ್ಮು. ಕನ್ನಡ ಅಕ್ಷರ ಸರಿ ಬೀಳೂದಿಲ್ಲ.

ಹೀಗೆ ಕೇಳಿದವರಿಗೆ ಎಂಬತ್ತೇಳು ವರ್ಷ. ರಾಯಚೂರು, ಕೊಪ್ಪಳದ ಸೀಮೆ 1948ರ ತನಕ ನಿಜಾಮರ ಆಳ್ವಿಕೆಯಲ್ಲಿತ್ತು, 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ಶಾಲೆಯಲ್ಲಿ ಅಲೀಫ್ ಬೇ, ಮನೆಯಲ್ಲಿ ಕನ್ನಡ. ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತು, ಅಲ್ಲಿ ತೆಲುಗಿನ ಬಳಕೆ ಜೋರು. ನಮ್ಮ ಕಡೆ ಹಿರಿಯರ ಬರಹದಲ್ಲಿ ಒತ್ತಕ್ಷರ ತಪ್ಪುವುದಕ್ಕೆ ಇಷ್ಟೆಲ್ಲ ಇತಿಹಾಸ ಇದೆ. ಅಕ್ಷರ ತಿದ್ದುವುದು ನಮ್ಮ ಕೆಲಸ, ಅದಕ್ಕೆ ಅಂಕ ಕಳೆಯುವುದಿಲ್ಲ. ಆ ಅಜ್ಜನವರಿಗೆ ನಾನು ಹೇಳಿದ್ದು: ಉರ್ದು ಲಿಪಿಯಲ್ಲೇ ಕನ್ನಡ ಬರೆದು ಕೊಡಿ, ಓದಿ ಬರೆದುಕೊಳ್ಳುವವರು ನಮ್ಮಲ್ಲಿ ಒಬ್ಬರು ಇದ್ದಾರೆ. ಇನ್ನೂ ಕಳಿಸಿಲ್ಲ. ಕಾಯುತ್ತಿದ್ದೇವೆ.

ಅವ್ವ ಹೇಳತಾಳ, ನಾ ಬರಕೋತೀನಿ. ಬಹುಮಾನ ಯಾರಿಗೆ?

ಅವ್ವಗೆ. ನಿಮ್ಮ ಹೆಸರು ‘ಬರೆದುಕೊಂಡವರು’ ಎಂದು ಒಳಪುಟದಲ್ಲಿ ಬರುತ್ತದೆ. ಅವ್ವ ಹೇಳಿದ್ದನ್ನು ತಿದ್ದಬೇಡಿ, ಚಂದ ಮಾಡಬೇಡಿ. ಅವಳು ಒಂದೇ ಸಂಗತಿ ಎರಡು ಸಲ ಎರಡು ಥರ ಹೇಳಿದರೆ ಎರಡನ್ನೂ ಬರೆದುಕೊಳ್ಳಿ. ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡಿಸುವವರು ಆಮೇಲೆ ಒಮ್ಮೆ ಓದಿ ನೋಡಿ. ನಮಗೆ ಬಂದ ಒಂದರಲ್ಲಿ ‘ಕುರ್ಚಿ ಹೂಡಿ ಬಿತ್ತಿದೆವು’ ಎಂದಿತ್ತು. ಬೀಜ ಬಿತ್ತುವ ಕೂರಿಗಿ ಎಂದರೆ ಏನೆಂದು ಪಾಪ ಮೊಬೈಲಿಗೆ ಏನು ಗೊತ್ತು.

ಕವಿತಾ ಕಳಸಬಹುದಾ?

ಕಳಿಸಬಹುದು. ಹನಿಗವನ ಮಾತ್ರ ಬೇಡ, ಕೈ ಮುಗಿಯುತ್ತೇನೆ.

ಆತ್ಮಕತಿ ಬರದೀನಿ. ತಮ್ಮಂದಿರ ಹೆಸರು, ಹೊಲದ ಜಗಳ ಎಲ್ಲಾ ಐತಿ. ತೊಂದ್ರಿ ಆಗತೈತೇನು?

ಆಗಬಹುದು. ಬದುಕಿರುವವರ ಮೇಲೆ ಆರೋಪ ಹೊರಿಸಿ ಅಚ್ಚು ಹಾಕಿದರೆ ಮಾನನಷ್ಟದ ಕೇಸು ಹಾಕುವ ಹಕ್ಕು ಅವರಿಗಿದೆ. ಕೋರ್ಟಿನಲ್ಲಿ ಇರುವ ವ್ಯಾಜ್ಯವನ್ನು ಪುಸ್ತಕದಲ್ಲಿ ಗೆಲ್ಲಲು ಹೋಗಬೇಡಿ. ಹೆಸರು ಬದಲಿಸುವುದೊಂದೇ ಸಾಲದು, ಊರಲ್ಲಿ ಒಂದೇ ಕಣ್ಣಿನ ವಕೀಲ ಒಬ್ಬನೇ ಇದ್ದರೆ ಅವನ ಹೆಸರು ಯಾಕೆ ಬೇಕು?

ಇನ್ನೊಂದು ಕೇಳಿ. ಸರ್ವೆ ನಂಬರು, ಪಹಣಿ, ಎಕರೆ ಗುಂಟೆ ಎಲ್ಲ ಬರೆದ ಅಧ್ಯಾಯಕ್ಕಿಂತ, ಪಾಲಾದ ದಿನ ಸಂಜೆ ಒಂದೇ ಒಲೆ ಎರಡಾದದ್ದು ಹೇಗೆ, ದೊಡ್ಡ ಹಿತ್ತಾಳೆ ಹಂಡೆ ಯಾರ ಪಾಲಿಗೆ ಹೋಯಿತು ಎಂದು ಬರೆದ ಎರಡು ಪುಟ ಓದುಗನಿಗೆ ಹೆಚ್ಚು ತಿಳಿಸುತ್ತದೆ. ತಮ್ಮನೂ ಓದಿ ಸುಮ್ಮನಾದಾನು.

ಒಬ್ಬರು ಪ್ರಕಾಶಕರು ರೊಕ್ಕ ಕೇಳ್ಯಾರ. ಕೊಡ್ಲೇನ್ರಿ?

ನನ್ನ ಕಥೆ ಕೇಳಿ ಆಮೇಲೆ ನಿರ್ಧಾರ ಮಾಡಿ. ನನಗೆ ಅರವತ್ತೊಂದಾದಾಗ, ಪ್ರಕಾಶಕರೆಂದು ಹೇಳಿಕೊಂಡ ಒಬ್ಬರಿಗೆ 45,000 ರೂಪಾಯಿ ಕೊಟ್ಟೆ. ರಸೀದಿ ಕೇಳಲಿಲ್ಲ, ನಾಚಿಕೆ. ಕರಡು ತೋರಿಸಲಿಲ್ಲ, ಅವಸರ ಅಂದರು. 500 ಪ್ರತಿ ಲಾರಿ ಪಾರ್ಸೆಲಿನಲ್ಲಿ ಬಂದವು. ಪುಸ್ತಕದ ಬೆನ್ನಿನ ಮೇಲೆ ನನ್ನ ಇನಿಶಿಯಲ್ ತಪ್ಪು. ಬಿಡುಗಡೆಯ ದಿನ ಎಂಬತ್ತು ಹೋದವು, ಅದರಲ್ಲಿ ಅರವತ್ತು ನಾನೇ ಕೈಯಾರೆ ಕೊಟ್ಟದ್ದು. ಉಳಿದವು ಮಂಚದ ಕೆಳಗೆ. ಸೊಸೆ ಒಂದು ಕಟ್ಟನ್ನು ಅಕ್ಕಿ ಚೀಲದ ಕೆಳಗೆ ಥಂಡಿ ಹತ್ತದಿರಲಿ ಎಂದು ಇಟ್ಟಳು. ನಾನು ಏನೂ ಅನ್ನಲಿಲ್ಲ, ಮೊದಲ ಸಲ ಅವು ಉಪಯೋಗಕ್ಕೆ ಬಂದಿದ್ದವು. ಮಳೆಗಾಲದಲ್ಲಿ ಗೆದ್ದಲು ಓದಿ ಮುಗಿಸಿತು.

ಆ 45,000ದಲ್ಲಿ ‘ಐಎಸ್‌ಬಿಎನ್ ನಂಬರಿಗೆ’ ಎಂದು ಮೂರು ಸಾವಿರ ಸೇರಿತ್ತು. ಪುಸ್ತಕದ ಗುರುತಿಗೆಂದು ಹಾಕುವ ಆ ನಂಬರನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತದೆ, ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ನನಗಿದು ತಿಳಿದದ್ದು ಎರಡು ವರ್ಷದ ಮೇಲೆ. ಹಕ್ಕುಸ್ವಾಮ್ಯವನ್ನು ‘ರಿಜಿಸ್ಟರ್ ಮಾಡಿಸದಿದ್ದರೆ ಕದ್ದುಬಿಡ್ತಾರೆ’ ಎಂದೂ ಹೆದರಿಸುತ್ತಾರೆ. ಬರೆದ ಕ್ಷಣದಿಂದ ಹಕ್ಕು ನಿಮ್ಮದೇ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಕಾಲಾನಂತರ 60 ವರ್ಷ ಅದು ವಾರಸುದಾರರಿಗೆ ಉಳಿಯುತ್ತದೆ. ಹೊಲದ ಜೊತೆ ಇದನ್ನೂ ಪಾಲು ಮಾಡಬೇಕಾದೀತು.

ದುಡ್ಡು ಕೊಟ್ಟು ಮಾಡಿಸುವುದೇ ತಪ್ಪು ಎನ್ನುವುದಿಲ್ಲ. ಮಾಡಿಸುವುದಾದರೆ ಪ್ರೆಸ್ಸಿಗೆ ನೀವೇ ಹೋಗಿ. ಇನ್ನೂರು ಪ್ರತಿ ಹಾಕಿಸಿ, ಈಗ ಡಿಜಿಟಲ್ ಮುದ್ರಣದಲ್ಲಿ ಕಮ್ಮಿ ಪ್ರತಿಯೂ ಆಗುತ್ತದೆ. ಹದಿನಾರು ಪುಟಕ್ಕೆ ಒಂದು ಫಾರಂ, ಎಷ್ಟು ಫಾರಂ, ಯಾವ ಕಾಗದ, ಎಷ್ಟು ಪ್ರತಿ, ಯಾವಾಗ ಕೊಡುತ್ತಾರೆ, ಎಲ್ಲ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕರಡನ್ನು ನೀವೇ ಓದಿ, ಆಮೇಲೆ ಕಣ್ಣು ಚುರುಕಿರುವ ಇನ್ನೊಬ್ಬರಿಗೆ ಓದಿಸಿ. ಬೆನ್ನು ನೋಡಲು ಮರೆಯಬೇಡಿ.

ಬಹುಮಾನ ಎಷ್ಟು? ಪ್ರವೇಶ ಶುಲ್ಕ?

25,000 ರೂಪಾಯಿ, ಜೊತೆಗೆ ಪುಸ್ತಕ ನಮ್ಮ ಖರ್ಚಿನಲ್ಲಿ 300 ಪ್ರತಿ ಅಚ್ಚಾಗುತ್ತದೆ. ಅದರಲ್ಲಿ 50 ಲೇಖಕರಿಗೆ. ಶುಲ್ಕ ಇಲ್ಲ. ಯಾವ ಬಹುಮಾನದವರಾದರೂ ‘ನಿಮ್ಮ ಪುಸ್ತಕ ಆಯ್ಕೆಯಾಗಿದೆ, ಸನ್ಮಾನದ ಖರ್ಚಿಗೆ ಇಷ್ಟು ಕಳಿಸಿ’ ಎಂದರೆ ಫೋನ್ ಇಟ್ಟುಬಿಡಿ. ಶಾಲು ಬಜಾರಿನಲ್ಲಿ ಅದಕ್ಕಿಂತ ಸೋವಿಯಾಗಿ ಸಿಗುತ್ತದೆ.

ಯಾರು ಓದತಾರ? ವಶೀಲಿ ನಡೀತೈತ್ಯಾ?

ಹೆಸರಿರುವ ಮೊದಲ ಹಾಳೆ ತೆಗೆದಿಟ್ಟು ನಂಬರು ಹಾಕಿ ಮೂವರಿಗೆ ಕೊಡುತ್ತೇವೆ. ಒಬ್ಬರಾದರೂ ನಲವತ್ತರ ಒಳಗಿನವರು ಇರಬೇಕೆಂದು ನಾನೇ ಹಟ ಹಿಡಿದೆ. ಮುದುಕರು ಮುದುಕರಿಗೆ ಭೇಷ್ ಅನ್ನುವುದು ಸುಲಭ. ವಶೀಲಿ ಹಚ್ಚಿದವರು ಇದ್ದಾರೆ. ಒಬ್ಬರು ಒಂದು ಚೀಲ ಸೋನಾ ಮಸೂರಿ ಕಳಿಸಿದ್ದರು. ಅಕ್ಕಿ ತಿರುಗಿ ಹೋಯಿತು, ಹಸ್ತಪ್ರತಿ ಉಳಿಯಿತು, ಅದು ಚೆನ್ನಾಗಿಯೇ ಇತ್ತು. ಎರಡನೇ ಸುತ್ತಿಗೆ ಬಂತು.

ಫಲಿತಾಂಶ ಬರೂದ್ರೊಳಗ ನಾನ ಹೋದ್ರ?

ಇದನ್ನು ನಗುತ್ತಲೇ ಕೇಳುತ್ತಾರೆ, ಆದರೆ ಬಹಳ ಮಂದಿ ಕೇಳುತ್ತಾರೆ. ಕಳಿಸುವಾಗ ಬದುಕಿದ್ದರೆ ಸಾಕು ಎಂಬುದು ನಿಯಮ. ಈ ನಿಯಮ ಮೊದಲು ಇರಲಿಲ್ಲ. ನಮಗೆ ಕಳಿಸಿದ ಒಬ್ಬ ತಾಯಿ, ಎಪ್ಪತ್ತೆಂಟು ವರ್ಷದವರು, ಡಿಸೆಂಬರಿನಲ್ಲಿ ತೀರಿಕೊಂಡರು. ಕ್ಯಾಲೆಂಡರಿನ ಹಿಂಬದಿ ಹಾಳೆಗಳಲ್ಲಿ ಬರೆದ ಹದಿಮೂರು ಕಥೆಗಳು, ಕೊನೆಯದು ಅರ್ಧಕ್ಕೆ. ಮಗ ಬಂದು ವಾಪಸು ಕೇಳಿದ. ಕೊಡುವ ಮುಂದೆ ಪುಟ ತಿರುವಿ, ‘ಇದು ಅವ್ವನ ಅಕ್ಷರಾನ ಹೌದೇನ್ರಿ?’ ಎಂದ. ಅವ್ವ ಹಾಲಿನ ಲೆಕ್ಕ ಬರೆಯುತ್ತಾಳೆ ಎಂದೇ ಅವನು ಅಷ್ಟು ವರ್ಷ ತಿಳಿದಿದ್ದ. ಒಂದು ಜೆರಾಕ್ಸ್ ನಮ್ಮಲ್ಲಿ ಇಟ್ಟುಕೊಳ್ಳಲು ಒಪ್ಪಿದ. ಅರ್ಧ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ಅಚ್ಚು ಹಾಕಬೇಕೆಂದು ನಾನು, ಬಿಟ್ಟುಬಿಡಬೇಕೆಂದು ಇನ್ನಿಬ್ಬರು, ಇನ್ನೂ ವಾದ ನಡೆದಿದೆ.

ಫಲಿತಾಂಶ ಯಾವಾಗ?

ಗವಿಮಠದ ಜಾತ್ರೆಯ ಗದ್ದಲ ಮುಗಿದ ಮೇಲೆ. ಜಾತ್ರೆಯಲ್ಲಿ ನಮ್ಮ ಐವರಲ್ಲಿ ಮೂವರು ದಾಸೋಹದ ಕಡೆ ಇರುತ್ತಾರೆ, ಅವರ ಕೈಗೆ ಆಗ ಪುಸ್ತಕ ಕೊಟ್ಟರೂ ಪ್ರಯೋಜನವಿಲ್ಲ. ಬಹುಮಾನ ಬಾರದಿದ್ದರೂ ಪ್ರತಿಯೊಬ್ಬರಿಗೂ ಅರ್ಧ ಪುಟದ ಅಭಿಪ್ರಾಯ ಬರೆದು ಕಳಿಸುತ್ತೇವೆ, ತಡವಾದರೂ.

ಫೋನ್ ಎಷ್ಟೊತ್ತಿಗೆ ಮಾಡಬೇಕ್ರಿ?

ಬೆಳಗ್ಗೆ ಹತ್ತರಿಂದ ಒಂದು. ಊಟವಾದ ಮೇಲೆ ಮಲಗುತ್ತೇನೆ, ನನಗೂ ಅರವತ್ತೇಳು. ಸಂಜೆ ಆರರ ಮೇಲೆ ಮಾಡಿದರೆ ಮೊಮ್ಮಗಳು ಎತ್ತುತ್ತಾಳೆ. ಅವಳಿಗೆ ನಿಮ್ಮ ಹೆಸರು, ಊರು ಹೇಳಿ. ಕಥೆ ಹೇಳಲು ಕೂತರೆ ಅವಳು ಬಿಡುವುದಿಲ್ಲ, ಹೋಮ್‌ವರ್ಕ್ ಉಳಿಯುತ್ತದೆ.